ಗಳಿಸಿದವನ ಹಣ, ಮನೆತನದ ಪಾಲು

ಪಶ್ಚಿಮದವರಿಗೆ ವ್ಯಕ್ತಿ ಮುಖ್ಯ, ನಮಗೆ ಸಮೂಹ ಮುಖ್ಯ ಎಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಡಚ್ ವಿದ್ವಾಂಸರಾದ ಗೀರ್ಟ್ ಹಾಫ್‌ಸ್ಟೆಡೆ ಅವರು 1980ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನು ಅಂಕಿಗಳಿಂದಲೇ ಅಳೆದರು. ಅವರ ಪಟ್ಟಿಯಲ್ಲಿ ವ್ಯಕ್ತಿನಿಷ್ಠೆಗೆ ಅಮೆರಿಕಕ್ಕೆ 91 ಅಂಕ, ವೆನೆಜುವೆಲಕ್ಕೆ 12, ಭಾರತಕ್ಕೆ 48. ಒಂದೇ ವ್ಯಾಪಾರ ಸಂಸ್ಥೆಯ ನೌಕರರ ಉತ್ತರಗಳಿಂದ ಇಡೀ ದೇಶದ ಸ್ವಭಾವವನ್ನು ನಿರ್ಣಯಿಸಲಾಗದು, ನಿಜ. ಆದರೂ ನಾವು ಯಾವ ತುದಿಗೂ ಸೇರಿದವರಲ್ಲವೆಂಬ ಸೂಚನೆ ಅಲ್ಲಿದೆ. ನಮ್ಮ ಆಸ್ತಿಹಕ್ಕಿನ ಚರಿತ್ರೆಯೂ ಅದನ್ನೇ ಹೇಳುತ್ತದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ನಿಲುವು. ಬಂಗಾಳದ ಜೀಮೂತವಾಹನನ ‘ದಾಯಭಾಗ’ವಾದರೋ, ತಂದೆಯು ಕಾಲವಾದ ಮೇಲೆಯೇ ಆ ಹಕ್ಕು ಒದಗುವುದೆಂದಿತು. ಪರಂಪರೆ ಒಂದೇ, ನಿಯಮಗಳು ಎರಡು. ಅಲ್ಲದೆ, ಮನೆತನದ ಧನಕ್ಕೆ ಲೋಪ ತಾರದೆ ಒಬ್ಬನು ತಾನಾಗಿ ಗಳಿಸಿದುದು ಅವನದೇ ಎಂಬುದನ್ನು ಸ್ಮೃತಿಯೂ ಒಪ್ಪಿತ್ತು.

ತೊಡಕು ಹುಟ್ಟಿದ್ದು ವಿದ್ಯೆಯ ವಿಷಯದಲ್ಲಿ. ಮನೆಯವರೆಲ್ಲ ದುಡಿದ ಹೊಲದ ಹುಟ್ಟುವಳಿಯಿಂದ ತಮ್ಮನೊಬ್ಬನು ಓದಿ ಉದ್ಯೋಗ ಹಿಡಿದನೆನ್ನಿ. ಅವನ ಸಂಬಳ ಯಾರದು? ಊರಿನಲ್ಲೇ ಉಳಿದು ನೇಗಿಲು ಹಿಡಿದ ಅಣ್ಣನಿಗೆ ಅದರಲ್ಲಿ ಪಾಲಿಲ್ಲವೇ? 1921ರಲ್ಲಿ ಐ.ಸಿ.ಎಸ್. ಅಧಿಕಾರಿಯೊಬ್ಬನ ಗಳಿಕೆಯನ್ನು ಕುರಿತು ಇದೇ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ಮುಂದೆ ಬಂದಿತು. ಅವನ ತರಬೇತಿಗೆ ಕುಟುಂಬದ ಹಣ ವೆಚ್ಚವಾಗಿದ್ದುದರಿಂದ ಗಳಿಕೆಯೂ ಅವಿಭಕ್ತ ಕುಟುಂಬದ್ದೇ ಎಂದು ತೀರ್ಪಾಯಿತು. ವ್ಯಕ್ತಿಸ್ವಾತಂತ್ರ್ಯದ ತವರೆನಿಸಿದ ನಾಡಿನಲ್ಲಿ ಕುಳಿತ ಪೀಠವು ಸಮೂಹದ ಪರ ನಿಂತಿತು. ವ್ಯಕ್ತಿಯ ಪರವಾಗಿ ಮಸೂದೆ ಮಂಡಿಸಿದವರು ನಮ್ಮವರೇ ಆದ ಎಂ. ಆರ್. ಜಯಕರ್. 1930ರ ಕಾಯಿದೆಯು ವಿದ್ಯೆಯಿಂದ ಬಂದ ಗಳಿಕೆಯನ್ನು ಗಳಿಸಿದವನಿಗೇ ಬಿಟ್ಟುಕೊಟ್ಟಿತು. ಹೀಗಿರುವಾಗ ಈ ಭೇದವನ್ನು ಪೂರ್ವ ಪಶ್ಚಿಮಗಳ ನಡುವಣ ಗಡಿಯೆಂದು ಬಗೆಯುವುದು ಹೇಗೆ?

ಸಮೂಹವನ್ನು ಕೊಂಡಾಡುವವರು ಇನ್ನೊಂದನ್ನೂ ನೆನೆಯಬೇಕು. ಹುಟ್ಟಿನಿಂದ ಬರುವ ಆ ಹಕ್ಕಿನಲ್ಲಿ ಹೆಣ್ಣುಮಕ್ಕಳು ಸೇರಿರಲಿಲ್ಲ. ಕರ್ನಾಟಕವು 1994ರ ತಿದ್ದುಪಡಿಯಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಅದನ್ನು ನೀಡಿತು. 2005ರಲ್ಲಿ ಕೇಂದ್ರದ ಕಾಯಿದೆಯು ವಿವಾಹಿತರನ್ನೂ ಒಳಗೊಂಡು ದೇಶಕ್ಕೆಲ್ಲ ವಿಸ್ತರಿಸಿತು. ವ್ಯಕ್ತಿಯನ್ನು ಕೊಂಡಾಡುವವರಿಗೂ ಒಂದು ಮಾತುಂಟು. ಅವಿಭಕ್ತ ಕುಟುಂಬವು ನಿವೃತ್ತಿವೇತನವಿಲ್ಲದ ಮುದುಕರಿಗೂ ದುಡಿಯಲಾರದ ರೋಗಿಗೂ ಅನ್ನ ಹಾಕುತ್ತಿತ್ತು. ಹೆತ್ತವರನ್ನು ಪೋಷಿಸಿರೆಂದು ಹೇಳಲು 2007ರಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು.

ಆದುದರಿಂದ ವ್ಯಕ್ತಿಯೋ ಸಮೂಹವೋ ಎಂದು ಕೇಳಿ ಫಲವಿಲ್ಲ. ಪಾಲು ಯಾರಿಗೆ, ಹೊರೆ ಯಾರಿಗೆ ಎಂದು ಕೇಳಬೇಕು. ಸಂಬಳ ತನ್ನದೆನ್ನುವ ತಮ್ಮನ ಮಾತು ನ್ಯಾಯವಾದದ್ದೇ. ತನ್ನ ಓದಿಗೆ ನೆಲ ಉತ್ತವರು ಮುಪ್ಪಿನಲ್ಲಿ ಯಾರ ಮನೆಯಲ್ಲಿ ಉಣ್ಣಬೇಕೆಂಬುದಕ್ಕೂ ಅವನು ಉತ್ತರ ಹೇಳಬೇಕಾಗುತ್ತದೆ.