250 ಕ್ವಿಂಟಲ್ ಭತ್ತದಲ್ಲಿ ಮೂರು ಕಾಳು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ವಿಜ್ಞಾನದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಭೌತವಿಜ್ಞಾನಿಯಲ್ಲ. ಆದರೆ ನಮ್ಮಂಥ ಕಂಪ್ಯೂಟರಿನವರೂ ಬೆರಗಾಗಿ ನೋಡುವ ಒಂದು ಹುಡುಕಾಟ ಭೌತವಿಜ್ಞಾನದಲ್ಲಿ ನಡೆದಿದೆ. ಅದರ ಕಥೆ ಹೇಳುತ್ತೇನೆ.

ಭತ್ತದ ಲೆಕ್ಕದಿಂದ ಶುರು ಮಾಡೋಣ. ಒಂದು ಗ್ರಾಂ ಭತ್ತದಲ್ಲಿ ಹೆಚ್ಚುಕಡಿಮೆ 40 ಕಾಳು ಇರುತ್ತವೆ ಎಂದುಕೊಳ್ಳಿ. ಆಗ 100 ಕೋಟಿ ಕಾಳು ಎಂದರೆ 250 ಕ್ವಿಂಟಲ್. ಆ ರಾಶಿಯಲ್ಲಿ ಬೇರೆ ಜಾತಿಯ ಮೂರೇ ಮೂರು ಕಾಳು ಸೇರಿವೆ, ಆರಿಸಿ ಕೊಡಿ ಎಂದರೆ ನಮ್ಮ ಅಜ್ಜಿಯಂದಿರು ಮೊರ ಕೆಳಗಿಟ್ಟು ಎದ್ದು ಹೋಗುತ್ತಿದ್ದರು. ವಿಜ್ಞಾನಿಗಳು ಇಂಥ ಹುಡುಕಾಟವನ್ನು ಸುಮಾರು 30 ವರ್ಷ ನಡೆಸಿದರು.

ಅವರು ಗಮನಿಸಿದ್ದು ಬಿ-ಎಸ್ ಮೆಸಾನ್ ಎಂಬ ಕಣವನ್ನು. ಪ್ರೋಟಾನಿಗಿಂತ ಐದೂವರೆ ಪಟ್ಟಿಗೂ ಹೆಚ್ಚು ಭಾರ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರ ಸರಾಸರಿ ಆಯುಸ್ಸು ಒಂದೂವರೆ ಪಾಲು. ಅಷ್ಟರಲ್ಲಿ ಅದು ಒಡೆದು ಬೇರೆ ಕಣಗಳಾಗುತ್ತದೆ. ಹಾಗೆ ಒಡೆಯಲು ಹಲವಾರು ದಾರಿಗಳಿವೆ. ಅವುಗಳಲ್ಲಿ ಎರಡು ಮ್ಯುಯಾನ್‌ಗಳಾಗಿ ಒಡೆಯುವುದು ಬಲು ಅಪರೂಪ, 100 ಕೋಟಿಗೆ ಸುಮಾರು ಮೂರು ಸಲ ಮಾತ್ರ.

ಮ್ಯುಯಾನ್ ನಮಗೆ ದೂರದ್ದೇನಲ್ಲ. ಅದು ಎಲೆಕ್ಟ್ರಾನಿನ 207 ಪಟ್ಟು ತೂಕದ ಅಣ್ಣ. ಆಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟಿ, ಈಗ ಈ ಪೆಂಡಾಲು ದಾಟಿ, ನೀವು ಚಾಚಿದ ಅಂಗೈಯಲ್ಲಿ ಸೆಕೆಂಡಿಗೆ ಒಂದರಂತೆ ತೂರಿಹೋಗುತ್ತಿದೆ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗೆ ಉಪಕರಣ ಇಳಿಸಿ, ಭೂಮಿಯ ಆಳಕ್ಕೂ ತಲುಪುವ ಈ ಮ್ಯುಯಾನ್‌ಗಳನ್ನು ಎಣಿಸಿದರು. ಮುಂದೆ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ನಾನು ಹೇಳುತ್ತಿರುವ ಹುಡುಕಾಟ ನಡೆಸಿದ ಸಿಎಂಎಸ್ ಎಂಬ ಪ್ರಯೋಗದಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳೂ ಇದ್ದಾರೆ.

ಸಿಎಂಎಸ್ ಇರುವುದು ಜಿನೀವಾ ಹತ್ತಿರದ ಸರ್ನ್‌ನಲ್ಲಿ. ಅಲ್ಲಿ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗವಿದೆ. ಅದರೊಳಗೆ ಪ್ರೋಟಾನ್‌ಗಳ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲದವರೆಗೆ ಎದುರುಬದುರಾಗಿ ಹಾಯುತ್ತವೆ. ಅಷ್ಟನ್ನೂ ಬರೆದಿಡುವ ಕಂಪ್ಯೂಟರ್ ಜಗತ್ತಿನಲ್ಲಿಲ್ಲ. ಹಾಗಾಗಿ ಟ್ರಿಗರ್ ಎಂಬ ಜರಡಿ ಹಿಡಿಯುತ್ತಾರೆ. ಸಿಎಂಎಸ್‌ನಲ್ಲಿ ಮೊದಲ ಜರಡಿ ಸೆಕೆಂಡಿಗೆ ಸುಮಾರು ಒಂದು ಲಕ್ಷ ಘಟನೆಗಳನ್ನು ಉಳಿಸುತ್ತದೆ, ಅದರಿಂದ ಎರಡನೆಯದು ಕೆಲವು ನೂರರಿಂದ ಕೆಲವು ಸಾವಿರ. ಉಳಿದದ್ದು ಶಾಶ್ವತವಾಗಿ ಹೋಯಿತು. ಜರಡಿಯ ಕಣ್ಣು ತಪ್ಪಾಗಿದ್ದರೆ ಬೇಕಾದ ಕಾಳೂ ಹೊಟ್ಟಿನ ಜೊತೆ ಹೋದಂತೆ. ಸಾಫ್ಟ್‌ವೇರ್ ಬರೆಯುವವನಿಗೆ ಇದಕ್ಕಿಂತ ಭಯದ ಕೆಲಸ ಇನ್ನೊಂದಿಲ್ಲ.

ಉಳಿದ ರಾಶಿಯಲ್ಲಿ ಒಂದೇ ಬಿಂದುವಿನಿಂದ ಹೊರಟ ಎರಡು ಮ್ಯುಯಾನ್‌ಗಳನ್ನು ಹುಡುಕುತ್ತಾರೆ. ಅವುಗಳ ಶಕ್ತಿ ಮತ್ತು ದಿಕ್ಕಿನಿಂದ ಲೆಕ್ಕ ಹಾಕಿದರೆ ಬಿ-ಎಸ್ ಮೆಸಾನಿನ ತೂಕವೇ ಬರಬೇಕು. ಇಲ್ಲಿ ಒಂದು ಅಪಾಯವಿದೆ. ಉತ್ತರ ಎಲ್ಲಿ ಬರಬೇಕೆಂದು ಗೊತ್ತಿದ್ದರೆ ಕಣ್ಣು ಅದನ್ನೇ ಕಾಣಲು ಹೊರಡುತ್ತದೆ. ಅದಕ್ಕೆ ಅವರು ಉತ್ತರ ಬರುವ ಜಾಗವನ್ನು ತಮ್ಮಿಂದಲೇ ಮುಚ್ಚಿಟ್ಟು, ವಿಧಾನವನ್ನೆಲ್ಲ ಮೊದಲು ನಿಗದಿ ಮಾಡಿ, ಆಮೇಲೆ ತೆರೆದು ನೋಡಿದರು. 2011 ಮತ್ತು 2012ರ ದತ್ತಾಂಶವನ್ನು ಸಿಎಂಎಸ್ ಮತ್ತು ಎಲ್‌ಎಚ್‌ಸಿಬಿ ತಂಡಗಳು ಒಟ್ಟುಗೂಡಿಸಿ, ಆ ಅಪರೂಪದ ಒಡೆತ ಕಂಡಿದೆ ಎಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದವು. ಪ್ರಮಾಣ ಹಳೆಯ ಸಿದ್ಧಾಂತ ಹೇಳಿದ್ದಕ್ಕೆ ಹೊಂದಿತ್ತು. ಹೊಸ ಕಣಗಳು ಅಡಗಿದ್ದರೆ ಈ ಸಂಖ್ಯೆ ಏರುಪೇರಾಗಬೇಕೆಂದು ಹೇಳುತ್ತಿದ್ದ ಹಲವು ಊಹೆಗಳು ಅಲ್ಲಿಗೆ ಬಿದ್ದವು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಮುಂದಿನ ಕಥೆ. ಬಿ ಮೆಸಾನಿನ ಇನ್ನೊಂದು ಅಪರೂಪದ ಒಡೆತದಲ್ಲಿ ಮ್ಯುಯಾನ್ ಜೋಡಿ ಮತ್ತು ಎಲೆಕ್ಟ್ರಾನ್ ಜೋಡಿ ಸರಿಸಮವಾಗಿ ಬರಬೇಕು. 2021ರ ಮಾರ್ಚ್‌ನಲ್ಲಿ ಎಲ್‌ಎಚ್‌ಸಿಬಿ ತಂಡ, ಎಲೆಕ್ಟ್ರಾನ್ 100 ಬಂದರೆ ಮ್ಯುಯಾನ್ ಸುಮಾರು 85 ಮಾತ್ರ ಬರುತ್ತಿದೆ ಎಂದಿತು. ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ನಿಜವಾಗಿದ್ದರೆ ಪಠ್ಯಪುಸ್ತಕವನ್ನೇ ತಿದ್ದಬೇಕಿತ್ತು. ತಂಡ ಅಷ್ಟಕ್ಕೆ ನಿಲ್ಲದೆ ತನ್ನ ಲೆಕ್ಕವನ್ನು ತಾನೇ ಮತ್ತೆ ಕೆದಕಿತು. ಬೇರೆ ಕೆಲವು ಕಣಗಳು ಎಲೆಕ್ಟ್ರಾನಿನ ವೇಷದಲ್ಲಿ ಎಣಿಕೆಗೆ ಸೇರಿದ್ದವು. ಅವನ್ನು ಕಳೆದರೆ ಎರಡೂ ಸಮ. 2022ರ ಡಿಸೆಂಬರ್‌ನಲ್ಲಿ ಅದನ್ನೂ ಅವರೇ ಎಲ್ಲರ ಮುಂದೆ ಹೇಳಿದರು.

ವಿದ್ಯಾರ್ಥಿಗಳೇ, ಓಮ್‌ನ ನಿಯಮದ ಪ್ರಯೋಗ ಮಾಡುವಾಗ ಮೀಟರ್ ತೋರಿಸಿದ ಅಂಕಿಯನ್ನೇ ಬರೆಯಿರಿ. ಗೆರೆ ಸ್ವಲ್ಪ ಸೊಟ್ಟಗೆ ಬಂದರೂ ಅಳಿಸಬೇಡಿ, ಯಾಕೆ ಹಾಗಾಯಿತೆಂದು ಹುಡುಕಿ. ಗುರುಗಳಲ್ಲಿ ನನ್ನ ವಿನಂತಿಯೂ ಇಷ್ಟೇ: ಅಂಥ ಸೊಟ್ಟ ಗೆರೆಗೂ ಅಂಕ ಕೊಡಿ. ಸರ್ನ್‌ಗೆ ಹೋಗುವ ದಾರಿ ನಮ್ಮ ಶಾಲೆಯ ಪ್ರಯೋಗದ ಪುಸ್ತಕದಿಂದಲೇ ಶುರುವಾಗುತ್ತದೆ.

ಐವತ್ತು ತುಂಬಿದ ಶಾಲೆಗೆ ನೂರು ತುಂಬಲಿ.