ಹೆಸರಲ್ಲಿ ಕಾಸರಗೋಡು, ಹಡಗು ಕಿಲ್ತಾನ್

ಯಲ್ಲದಕೆರೆಯ ಕಡೆಯವರಿಗೆ ಸಾಗರವೆಂದರೆ ಮಾರಿಕಣಿವೆ. ಅಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಹರಿದಿತ್ತು. ಮತ್ತೆ ಹರಿದದ್ದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷ ಆ ಕೋಡಿ ಹರಿದದ್ದೆಲ್ಲ ಅಜ್ಜ ಅಜ್ಜಿಯರ ಬಾಯಲ್ಲೇ. ಉಪ್ಪುನೀರಿನ ಮನುಷ್ಯನೊಬ್ಬನ ಕಥೆಯನ್ನು ಈ ಬಯಲುಸೀಮೆಯಲ್ಲಿ ಹೇಳಲು ಇಷ್ಟು ನಂಟು ಸಾಕು.

ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್ ಹುಟ್ಟಿದ್ದು 1926ರ ನವೆಂಬರ್ 13ರಂದು, ಮದುರೆಯಲ್ಲಿ. ತೀರಿಕೊಂಡದ್ದು 2021ರ ಆಗಸ್ಟ್ 9ರಂದು, ಚೆನ್ನೈಯಲ್ಲಿ. ಹುಟ್ಟು ಸಾವು ಎರಡೂ ತಮಿಳುನಾಡಿನಲ್ಲಿ. ಆದರೂ ಮಹಾವೀರ ಚಕ್ರದ ಪಟ್ಟಿಯಲ್ಲಿ ಅವರ ಹೆಸರಿಗಿಂತ ಮುಂದೆ ಕಾಸರಗೋಡು ನಿಂತಿದೆ. ಮನೆತನದ ನೆನಪು ಕೆಲವೊಮ್ಮೆ ಹೀಗೆ ಇನಿಷಿಯಲ್‌ನೊಳಗೆ ಕೂತಿರುತ್ತದೆ. ಸಹಿ ಹಾಕಿದಾಗಲೆಲ್ಲ ಊರು ಬರುತ್ತದೆ.

ಇನ್ನೊಂದು ಸೋಜಿಗ. ಅವರು ನಡೆಸಿದ ಹಡಗಿನ ಹೆಸರು ಐಎನ್‌ಎಸ್ ಕಿಲ್ತಾನ್. ಕಿಲ್ತಾನ್ ಎಂಬುದು ಲಕ್ಷದ್ವೀಪದ ಒಂದು ಪುಟ್ಟ ನಡುಗಡ್ಡೆ. ಅಮಿನಿ, ಕಡಮತ್, ಚೆತ್ಲತ್‌ಗಳ ಜೊತೆ ಅದೂ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕಾಸರಗೋಡೂ ಆಗ ಅದೇ ಜಿಲ್ಲೆಯ ತಾಲ್ಲೂಕು. ರಾಜ್ಯಗಳ ಮರುವಿಂಗಡಣೆ ಎರಡನ್ನೂ ಬೇರೆ ಬೇರೆ ಕಡೆ ಒಯ್ದಿತು. ಹದಿನೈದು ವರ್ಷದ ಮೇಲೆ ಅವೆರಡು ಮತ್ತೆ ಒಂದಾದದ್ದು ಕರಾಚಿಯ ಮುಂದಿನ ಕತ್ತಲ ಕಡಲಲ್ಲಿ: ಒಂದು ಹಡಗಿನ ಹೆಸರಾಗಿ, ಇನ್ನೊಂದು ಅದರ ಕಮಾಂಡರನ ಹೆಸರಾಗಿ.

ಅದು 1971ರ ಭಾರತ-ಪಾಕಿಸ್ತಾನ ಯುದ್ಧ, ಡಿಸೆಂಬರ್ 4ರ ರಾತ್ರಿ. ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು, ಕಾವಲಿಗೆ ಕಿಲ್ತಾನ್ ಮತ್ತು ಕಚಾಲ್. ದೋಣಿಗಳ ದಳದ ನಾಯಕ ಬಬ್ರು ಭಾನ್ ಯಾದವ್. ಇಡೀ ಗುಂಪಿನ ಹೊಣೆ ಗೋಪಾಲ ರಾಯರದು. ಕ್ಷಿಪಣಿ ದೋಣಿಗಳು ಚಿಕ್ಕವು, ದೂರ ಹೋಗುವ ಶಕ್ತಿ ಕಡಿಮೆ. ಹಗಲಲ್ಲಿ ಶತ್ರುವಿಮಾನಗಳ ಕೈಗೆ ಸಿಗದಷ್ಟು ದೂರವಿದ್ದು, ಸಂಜೆಯಾದ ಮೇಲೆ ಕರಾಚಿಯತ್ತ ನುಗ್ಗಬೇಕಿತ್ತು. ಕಿಲ್ತಾನ್ ಬಳಿ ಕ್ಷಿಪಣಿಯೇ ಇರಲಿಲ್ಲ. ಅದು ಜಲಾಂತರ್ಗಾಮಿಗಳನ್ನು ಬೇಟೆಯಾಡಲು ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಹಡಗು. ಕ್ಷಿಪಣಿ ಹಾರಿಸಿದವರ ಹೆಸರು ಜನರ ಬಾಯಲ್ಲಿ ಬೇಗ ನಿಲ್ಲುತ್ತದೆ. ಹಾರಿಸುವ ಜಾಗಕ್ಕೆ ಕರೆದೊಯ್ದು, ಸುರಕ್ಷಿತವಾಗಿ ಮರಳಿ ತಂದವನದು ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ.

ನಿರ್ಘಾತ್ ಬಿಟ್ಟ ಕ್ಷಿಪಣಿಗೆ ಪಾಕಿಸ್ತಾನದ ಡಿಸ್ಟ್ರಾಯರ್ ಖೈಬರ್ ಮುಳುಗಿತು. ಅದರಲ್ಲಿದ್ದವರು ತಮ್ಮ ಮೇಲೆ ವಿಮಾನ ದಾಳಿಯಾಗಿದೆ ಎಂದೇ ತಿಳಿದು ದಡಕ್ಕೆ ಸುದ್ದಿ ಕಳಿಸಿದರು. ಆ ಒಂದು ಹಡಗಿನಲ್ಲೇ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ವೀರ್ ಹೊಡೆತಕ್ಕೆ ಮೈನ್‌ಸ್ವೀಪರ್ ಮುಹಾಫಿಜ್ ಹೋಯಿತು. ಡಿಸೆಂಬರ್ 4 ನೌಕಾ ದಿನವಾದದ್ದು ಈ ಕಾರ್ಯಾಚರಣೆಯಿಂದ. ಯಾದವ್, ರಾವ್ ಇಬ್ಬರಿಗೂ ಮಹಾವೀರ ಚಕ್ರ ಬಂತು.

ಪ್ರಶಸ್ತಿ ಪತ್ರದಲ್ಲಿ ಎರಡು ಡಿಸ್ಟ್ರಾಯರ್, ಒಂದು ಮೈನ್‌ಸ್ವೀಪರ್ ಮುಳುಗಿದವೆಂದು ಬರೆದಿದೆ. ಆಮೇಲಿನ ಲೆಕ್ಕದಲ್ಲಿ ಡಿಸ್ಟ್ರಾಯರ್ ಒಂದೇ. ಇನ್ನೊಂದು ವೀನಸ್ ಚಾಲೆಂಜರ್ ಎಂಬ ಸರಕು ಹಡಗು. ಸರ್ಕಾರಿ ಕಾಗದವೂ ತಪ್ಪುತ್ತದೆ ಎಂದರೆ ಒಡನಾಡಿಗಳ ನೆನಪಿನ ಬೆಲೆ ತಿಳಿಯುತ್ತದೆ. ಅಂದಿನ ನೌಕಾಪಡೆಯ ಮುಖ್ಯಸ್ಥ ಎಸ್.ಎಂ. ನಂದಾ ಆತ್ಮಕಥೆ ಬರೆದರು. ವೈಸ್ ಅಡ್ಮಿರಲ್ ಜಿ.ಎಂ. ಹೀರಾನಂದಾನಿ ನೌಕಾಪಡೆಯ ಇತಿಹಾಸ ಬರೆದರು. ಇವೆಲ್ಲ ಇಂಗ್ಲಿಷಿನಲ್ಲಿವೆ.

ಐದು ದಿನಗಳ ಬಳಿಕ, ಡಿಸೆಂಬರ್ 9ರಂದು, ಐಎನ್‌ಎಸ್ ಖುಕ್ರಿಯ ಜೊತೆ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರನ್ನು ನಾಡು ಮರೆತಿಲ್ಲ, ಮರೆಯಲೂಬಾರದು. ಮರಳಿ ಬಂದು ಐವತ್ತು ವರ್ಷ ಬದುಕಿದವನ ಪಾಡೇ ಬೇರೆ. ಅವನು ಪಿಂಚಣಿದಾರನಾಗುತ್ತಾನೆ, ಅಜ್ಜನಾಗುತ್ತಾನೆ. ಗೋಪಾಲ ರಾಯರು ಆ ರಾತ್ರಿಯ ಸುವರ್ಣ ಮಹೋತ್ಸವಕ್ಕೆ ಇನ್ನು ನಾಲ್ಕೇ ತಿಂಗಳು ಇರುವಾಗ, ತೊಂಬತ್ತನಾಲ್ಕನೇ ವಯಸ್ಸಿನಲ್ಲಿ ಹೋದರು. ಅವರ ಹಡಗು 1987ರಲ್ಲೇ ಸೇವೆ ಮುಗಿಸಿತ್ತು. ಅದೇ ಹೆಸರಿನ ಹೊಸ ಕಿಲ್ತಾನ್ 2017ರಲ್ಲಿ ವಿಶಾಖಪಟ್ಟಣದಲ್ಲಿ ನೌಕಾಪಡೆಗೆ ಸೇರಿತು.

ಆ ರಾತ್ರಿಯ ಕ್ಷಿಪಣಿ ದೋಣಿಗಳ ತಂಗಿಯಂತಿರುವ ಚಪಲ್ ಈಗ ಕಾರವಾರದ ಕಡಲದಂಡೆಯಲ್ಲಿದೆ, ಒಳಗೆ ಹೋಗಿ ನೋಡಬಹುದು. ಅದನ್ನು ನೋಡಿ ಬನ್ನಿ. ಬಂದ ಮೇಲೆ, ನಿಮ್ಮ ಊರಲ್ಲಿ, ನೆಂಟರಲ್ಲಿ ಸೇನೆಯಿಂದ ನಿವೃತ್ತರಾದವರು ಇದ್ದರೆ ಅವರ ಹತ್ತಿರ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಿ. ಪದಕದ ಕಥೆ ಆಮೇಲಿರಲಿ. ಮೊದಲು ರಜೆಗೆ ಊರಿಗೆ ಬಂದ ದಿನದ ಬಗ್ಗೆ ಕೇಳಿ. ಕನ್ನಡದಲ್ಲೇ ಬರೆದುಕೊಳ್ಳಿ.