ಹಸಿವನ್ನು ಗುರುತಿಸುವ ವಿವೇಕ
(ಶಾಖಾಮಠದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸದ ಪಾಠ)

 

ಉಡುಪಿಯ ಶ್ರೀಕೃಷ್ಣನನ್ನು ನಮ್ಮ ಹಿರಿಯರು ಅನ್ನಬ್ರಹ್ಮನೆಂದು ಕರೆದರು. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು ನಮಗೆ ಕೇವಲ ಊಟವಲ್ಲ, ಅದೂ ಭಗವಂತನ ಆರಾಧನೆಯೇ. ಅಂತಹ ನಮ್ಮ ಮನೆಗಳಲ್ಲಿಯೂ ಅನ್ನವನ್ನು ಕಂಡರೆ ಹೆದರುವ ಮಕ್ಕಳಿದ್ದಾರೆ. ತುತ್ತು ಎತ್ತುವ ಮೊದಲು ಲೆಕ್ಕ ಹಾಕುವವರಿದ್ದಾರೆ. ಗುಟ್ಟಾಗಿ ಅತಿಯಾಗಿ ತಿಂದು ಪಶ್ಚಾತ್ತಾಪದಿಂದ ವಾಂತಿ ಮಾಡಿಕೊಳ್ಳುವವರಿದ್ದಾರೆ. ಸಂಕೋಚದಿಂದ ನಾವು ಈ ವಿಷಯವನ್ನು ಮಾತನಾಡುವುದಿಲ್ಲ. ಇಂದು ಅದನ್ನೇ, ಅದರಲ್ಲಿಯೂ ಇಂತಹ ಕಾಯಿಲೆಯಿಂದ ಚೇತರಿಸಿಕೊಳ್ಳುವವರು ತಮ್ಮ ಹಸಿವನ್ನು ಮತ್ತೆ ಗುರುತಿಸುವುದು ಹೇಗೆಂಬುದನ್ನು, ತಮ್ಮ ಮುಂದಿಡಲು ಬಯಸುತ್ತೇನೆ.

ಇದು ಹಠವಲ್ಲ, ಸೋಗೂ ಅಲ್ಲ. ವೈದ್ಯಶಾಸ್ತ್ರವು ಗುರುತಿಸಿರುವ ಕಾಯಿಲೆ. ದಪ್ಪವಾಗುವ ಭಯದಿಂದ ಊಟವನ್ನೇ ಬಿಡುವುದು ಅನೊರೆಕ್ಸಿಯಾ. ಮಿತಿಮೀರಿ ತಿಂದು, ಅದನ್ನು ಹೊರಹಾಕಲು ವಾಂತಿ ಮುಂತಾದ ಉಪಾಯಗಳನ್ನು ಹಿಡಿಯುವುದು ಬುಲಿಮಿಯಾ. ಹೊರಹಾಕದೆಯೂ ತಡೆಯಲಾರದೆ ಮತ್ತೆ ಮತ್ತೆ ಅತಿಯಾಗಿ ತಿನ್ನುವುದು ಇನ್ನೊಂದು ಬಗೆ. ಇವು ಹುಡುಗಿಯರಿಗಷ್ಟೇ ಬರುವುದಿಲ್ಲ, ಹುಡುಗರಿಗೂ ಬರುತ್ತವೆ; ಕೃಶರಾದವರಿಗಷ್ಟೇ ಅಲ್ಲ, ನೋಡಲು ಪುಷ್ಟರಾಗಿರುವವರಿಗೂ ಬರುತ್ತವೆ. ಇದು ಪರದೇಶದ ರೋಗವೆಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಮನೋವೈದ್ಯರ ನಡುವೆ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಉತ್ತರಿಸಿದ ವೈದ್ಯರ ಪೈಕಿ ಸುಮಾರು ಮೂರರಲ್ಲಿ ಇಬ್ಬರು ಇಂತಹ ಒಬ್ಬ ರೋಗಿಯನ್ನಾದರೂ ಕಂಡಿರುವುದಾಗಿ ತಿಳಿಸಿದ್ದರು.

ಆರೋಗ್ಯವಂತರಲ್ಲಿ ಹಸಿವೆಂಬುದು ಭಗವಂತನು ದೇಹದಲ್ಲಿ ಇರಿಸಿದ ಒಂದು ಸುಂದರ ವ್ಯವಸ್ಥೆ. ಜಠರವು ಬರಿದಾದಾಗ ಅಲ್ಲಿಂದ ಗ್ರೆಲಿನ್ ಎಂಬ ರಸವು ರಕ್ತಕ್ಕೆ ಸೇರಿ ಮೆದುಳಿಗೆ ಸೂಚನೆ ಕೊಡುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1999ರಲ್ಲಿ ಕಂಡುಹಿಡಿದರು. ದೇಹದ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬುದು ಸಂಗ್ರಹ ಎಷ್ಟಿದೆಯೆಂಬ ವರ್ತಮಾನವನ್ನು ಒಯ್ಯುತ್ತದೆ. ಇದು ತಿಳಿದುಬಂದದ್ದು 1994ರಲ್ಲಿ. ದೀರ್ಘಕಾಲ ಆಹಾರವನ್ನು ತಡೆದವರಲ್ಲಿ ಈ ವ್ಯವಸ್ಥೆ ಕೆಡುತ್ತದೆ. ಜಠರದಿಂದ ಆಹಾರ ಮುಂದೆ ಸಾಗುವುದೇ ನಿಧಾನವಾಗಿ, ನಾಲ್ಕು ತುತ್ತಿಗೇ ಹೊಟ್ಟೆ ಉಬ್ಬಿದಂತಾಗುತ್ತದೆ. ಆಗ ಮಗಳು "ನನಗೆ ಹಸಿವಿಲ್ಲಮ್ಮ" ಎಂದರೆ ಅವಳು ಸುಳ್ಳು ಹೇಳುತ್ತಿಲ್ಲ. ಅವಳಿಗೆ ಹಸಿವು ತಿಳಿಯುತ್ತಿಲ್ಲ, ಅಷ್ಟೆ; ದೇಹಕ್ಕೆ ಅನ್ನ ಬೇಡವೆಂದು ಅದರ ಅರ್ಥವಲ್ಲ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರಿಗೆ, ಅವರ ಒಪ್ಪಿಗೆಯಿಂದಲೇ, 24 ವಾರಗಳ ಕಾಲ ಅರೆಹೊಟ್ಟೆಯ ಆಹಾರವನ್ನು ಕೊಟ್ಟು ಪರೀಕ್ಷಿಸಿದರು. ಅವರ ತೂಕ ಸುಮಾರು ಕಾಲುಭಾಗದಷ್ಟು ಇಳಿಯಿತು. ಹಗಲಿರುಳೂ ಅವರಿಗೆ ಆಹಾರದ್ದೇ ಚಿಂತೆಯಾಯಿತು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು. ಸಿಡುಕು, ಖಿನ್ನತೆ, ಒಂಟಿತನಗಳು ಆವರಿಸಿದವು. ಮತ್ತೆ ಧಾರಾಳವಾಗಿ ಊಟ ದೊರೆತಾಗಲೂ ಹಲವರಿಗೆ ಎಷ್ಟು ಉಂಡರೂ ತೃಪ್ತಿಯಾಗಲಿಲ್ಲ. ಆದುದರಿಂದ ಚೇತರಿಕೆಯ ಕಾಲದಲ್ಲಿ ಅತಿಯಾದ ಹಸಿವು ಕಾಣಿಸಿದರೆ ಅದನ್ನು ಹೊಟ್ಟೆಬಾಕತನವೆಂದು ಹಂಗಿಸಬಾರದು. ಬಹುಕಾಲ ತನಗೆ ಸಲ್ಲದಿದ್ದ ಅನ್ನವನ್ನು ದೇಹವು ಕೇಳಿಕೊಳ್ಳುವ ರೀತಿ ಅದು.

ಹಾಗಾದರೆ ಹಸಿವು ನಂಬಲರ್ಹವಲ್ಲದ ದಿನಗಳಲ್ಲಿ ಯಾವುದನ್ನು ನಂಬಬೇಕು? ಗಡಿಯಾರವನ್ನು ನಂಬಬೇಕು. ಮೂರು ಊಟ, ನಡುವೆ ಎರಡು ಅಥವಾ ಮೂರು ಲಘು ಆಹಾರ, ಮೂರು-ನಾಲ್ಕು ಗಂಟೆಗಿಂತ ಹೆಚ್ಚು ಅಂತರವಿಲ್ಲದಂತೆ: ಇದು ವೈದ್ಯರು ಸಾಮಾನ್ಯವಾಗಿ ಹಾಕಿಕೊಡುವ ಕ್ರಮ. ನಮ್ಮ ಕಡೆಯ ಜೀವನದಲ್ಲಿ ಇದು ಸುಲಭವಲ್ಲವೆಂದು ಬಲ್ಲೆ. ಕಲ್ಯಾಣ, ಡೊಂಬಿವಲಿಗಳಿಂದ ಬೆಳಗಿನ ಲೋಕಲ್ ಹಿಡಿಯುವವರು ಬರಿಯ ಚಹಾ ಕುಡಿದು ಓಡುತ್ತಾರೆ. ಗಾಡಿಯ ನೂಕುನುಗ್ಗಲಿನಲ್ಲಿ ಡಬ್ಬಿ ಬಿಚ್ಚಲು ಸ್ಥಳವೆಲ್ಲಿ? ಊಟ ತಪ್ಪಿಸಬೇಕೆನ್ನುವ ಕಾಯಿಲೆಗೆ ಇದೊಂದು ಒಳ್ಳೆಯ ನೆಪ. ಆದುದರಿಂದ ಹೊರಡುವ ಮೊದಲೇ ಅವಲಕ್ಕಿಯೋ ಉಪ್ಪಿಟ್ಟೋ ಆಗಿಬಿಡಲಿ. ಮಧ್ಯಾಹ್ನಕ್ಕೆ ಚಪಾತಿ-ಪಲ್ಯ, ಮೊಸರನ್ನ ಜೊತೆಗಿರಲಿ. ಸಂಜೆ ವಾಶಿಯಲ್ಲಿಯೋ ಥಾಣೆಯಲ್ಲಿಯೋ ಗಾಡಿ ಹತ್ತುವ ಮೊದಲು ಬಾಳೆಹಣ್ಣು, ಕಡಲೆ, ಏನಾದರೊಂದು ಹೊಟ್ಟೆಗೆ ಬೀಳಲಿ. ಹೀಗೆ ಕೆಲವು ವಾರ, ಕೆಲವರಿಗೆ ಅನೇಕ ತಿಂಗಳು, ನಡೆದ ಮೇಲೆ ಹಸಿವು ತಾನಾಗಿ ವೇಳೆಗೆ ಸರಿಯಾಗಿ ಏಳತೊಡಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬಹಳ ಕೃಶರಾದವರಿಗೆ, ದಿನಗಟ್ಟಲೆ ಉಣ್ಣದವರಿಗೆ ಪ್ರೀತಿಯಿಂದ ಒಮ್ಮೆಲೇ ಹೆಚ್ಚು ಬಡಿಸಕೂಡದು. ರಕ್ತದಲ್ಲಿನ ರಂಜಕ ಮುಂತಾದ ಲವಣಾಂಶಗಳು ಥಟ್ಟನೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರ ಆಹಾರವು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಹೆಚ್ಚಬೇಕು.

ಹಸಿವು ಹೊಟ್ಟೆ ಗುರುಗುಟ್ಟುವುದರಿಂದ ಮಾತ್ರ ತಿಳಿಯುವುದಲ್ಲ. ಓದಿದ್ದು ತಲೆಗೆ ಹತ್ತದಿರುವುದು, ಕಾರಣವಿಲ್ಲದ ಸಿಟ್ಟು, ತಲೆನೋವು, ಕೈನಡುಕ, ತಿಂಡಿಯ ಯೋಚನೆ ಪದೇ ಪದೇ ಬರುವುದು ಇವೂ ಹಸಿವಿನ ಕರೆಗಳೇ. ಹೊಟ್ಟೆಯ ಭಾಷೆಯನ್ನು ಮರೆತವರು ಮೊದಲು ಇವುಗಳಿಂದಲೇ ಹಸಿವನ್ನು ಗುರುತಿಸಬೇಕಾಗುತ್ತದೆ. ವೈದ್ಯರು ಸೂಚಿಸಿದರೆ ಒಂದು ಪುಟ್ಟ ಪುಸ್ತಕದಲ್ಲಿ ಊಟದ ಮೊದಲು ಮತ್ತು ಅನಂತರ ಹೇಗೆನಿಸಿತೆಂದು ಬರೆದಿಡಬಹುದು: "ತುಂಬ ಹಸಿವು", "ತುಸು ಹಸಿವು", "ಹಿತವಾಗಿದೆ", "ಭಾರವಾಗಿದೆ". ತೂಕವನ್ನೂ ಕ್ಯಾಲರಿಯನ್ನೂ ಅದರಲ್ಲಿ ಬರೆಯುವುದು ಬೇಡ. ದುಃಖ, ಆಯಾಸ, ಬೇಸರಗಳು ಹಸಿವಿನ ವೇಷದಲ್ಲಿ ಬರುವುದೂ ಉಂಟು. ಆದರೆ ಆರಂಭದಲ್ಲಿಯೇ "ಇದು ನಿಜವಾದ ಹಸಿವೇ?" ಎಂದು ಪ್ರಶ್ನಿಸುತ್ತ ಕುಳಿತರೆ ಊಟ ತಪ್ಪಿಸಲು ಅದೂ ಒಂದು ನೆಪವಾಗುತ್ತದೆ. ಸಂದೇಹವಿದ್ದಾಗ ಉಣ್ಣುವುದೇ ಲೇಸು.

ಈಗ ನಮ್ಮ ಮನೆಗಳಿಗೇ ವಿಶೇಷವಾದ ಪ್ರಶ್ನೆಗೆ ಬರುತ್ತೇನೆ. ಏಕಾದಶಿಯ ಉಪವಾಸ ನಮಗೆ ಹರಿದಿನದ ವ್ರತ. ಚಾತುರ್ಮಾಸ್ಯದಲ್ಲಿ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಒಂದೊಂದು ತಿಂಗಳು ಬಿಡುತ್ತೇವೆ. ಇವು ಹಸಿವಿನ ಮೇಲಿನ ದ್ವೇಷದಿಂದ ಹುಟ್ಟಿದವಲ್ಲ. ಏಕಾದಶಿಯ ಬೆನ್ನಿಗೇ ದ್ವಾದಶಿಯ ಪಾರಣೆಯಿದೆ. ಅದನ್ನು ಕಾಲಮೀರದೆ ಮಾಡಲೇಬೇಕೆಂಬ ನಿಯಮವಿದೆ. ಬೆಳಗಿನ ಗಾಡಿಗೆ ಮೊದಲೇ ಪಾರಣೆ ಮುಗಿಸಿ ಹೊರಡುವ ಎಷ್ಟೋ ಮನೆಗಳು ನಮ್ಮಲ್ಲಿವೆ. ವ್ರತಕ್ಕೂ ಕಾಯಿಲೆಗೂ ಇರುವ ಭೇದ ಇಲ್ಲಿಯೇ ಕಾಣುತ್ತದೆ. ವ್ರತಕ್ಕೆ ಪಾರಣೆಯಿದೆ, ಕಾಯಿಲೆಗೆ ಪಾರಣೆಯಿಲ್ಲ. ವ್ರತದಲ್ಲಿ ಮನಸ್ಸು ಹರಿಯ ಕಡೆಗಿರುತ್ತದೆ, ಕಾಯಿಲೆಯಲ್ಲಿ ಕನ್ನಡಿಯ ಕಡೆಗೆ.

ಮಗಳು ಪಂಚಾಂಗದಲ್ಲಿಲ್ಲದ ಉಪವಾಸಗಳನ್ನು ಸೇರಿಸಿಕೊಳ್ಳುತ್ತಿದ್ದರೆ, ಪಾರಣೆಯನ್ನು ಮುಂದೂಡುತ್ತಿದ್ದರೆ, ಒಂಟಿಯಾಗಿಯೇ ಉಣ್ಣುತ್ತಿದ್ದರೆ, ಉಂಡೊಡನೆ ಬಚ್ಚಲುಮನೆಗೆ ಹೋಗುತ್ತಿದ್ದರೆ, ಮುಟ್ಟು ನಿಂತಿದ್ದರೆ, "ಎಷ್ಟು ಶ್ರದ್ಧೆ!" ಎಂದು ಹೊಗಳುವ ಮೊದಲು ಒಂದು ಕ್ಷಣ ಯೋಚಿಸಬೇಕು. ಚೇತರಿಸಿಕೊಳ್ಳುತ್ತಿರುವವರಿಗೆ ಒಂದು ದಿನದ ಉಪವಾಸವೂ ಹಳೆಯ ಕಾಯಿಲೆಗೆ ಮತ್ತೆ ಬಾಗಿಲು ತೆರೆಯಬಹುದು.

ಶಾಸ್ತ್ರನಿರ್ಣಯ ಹೇಳುವ ಅಧಿಕಾರ ನನ್ನದಲ್ಲ. ಆದರೆ ಎಂಟು ವರ್ಷದೊಳಗಿನ ಬಾಲರಿಗೂ ಎಂಬತ್ತು ದಾಟಿದ ವೃದ್ಧರಿಗೂ ಉಪವಾಸದ ಕಟ್ಟುಪಾಡಿಲ್ಲವೆಂಬುದನ್ನು ನಾವೆಲ್ಲ ಕೇಳಿದ್ದೇವೆ. ವ್ರತವನ್ನು ಕೆಡಿಸದ ಎಂಟನ್ನು ಎಣಿಸುವಾಗ ವಿದುರನು ಔಷಧವನ್ನೂ ಗುರುವಿನ ಮಾತನ್ನೂ ಸೇರಿಸಿದ್ದಾನೆ. ಈ ಕಾಯಿಲೆಗೆ ಅನ್ನವೇ ಔಷಧ. ಅತಿಯಾಗಿ ಉಣ್ಣುವವನಿಗೂ ಉಣ್ಣದೆಯೇ ಇರುವವನಿಗೂ ಯೋಗ ಸಿದ್ಧಿಸದೆಂಬುದು ಗೀತೆಯ ಆರನೆಯ ಅಧ್ಯಾಯದ ಅಭಿಪ್ರಾಯ. ಆದುದರಿಂದ ವೈದ್ಯರ ಅಭಿಪ್ರಾಯದೊಡನೆ ಸ್ವಾಮಿಗಳವರನ್ನೋ ವಿದ್ವಾಂಸರನ್ನೋ ಕಂಡು ಮುಕ್ತವಾಗಿ ಕೇಳಿರಿ. ಗುರುಗಳ ಅಪ್ಪಣೆಯಿದ್ದರೆ ಮಗುವಿನ ಮನಸ್ಸಿನ ಪಾಪಭೀತಿ ಅರ್ಧ ಇಳಿಯುತ್ತದೆ. ಆ ದಿನ ಜಪ, ಪಾರಾಯಣ, ಹೂಮಾಲೆ ಕಟ್ಟುವುದು ಮುಂತಾದ ಸೇವೆಗಳು ಅವಳಿಗೂ ತೆರೆದೇ ಇವೆ.

ಹಿರಿಯರಲ್ಲಿ ಕೆಲವು ವಿಜ್ಞಾಪನೆಗಳು. ಮದುವೆ, ಮುಂಜಿಗಳಲ್ಲಿ ಭೇಟಿಯಾದಾಗ "ಎಷ್ಟು ಸಣ್ಣಗಾಗಿದ್ದೀಯೇ!" ಎಂದಾಗಲಿ, "ಸ್ವಲ್ಪ ಮೈ ಬಂದಿದೆ" ಎಂದಾಗಲಿ ಅನ್ನಬೇಡಿರಿ. ಕೊಂಡಾಟವೆಂದು ಆಡಿದ ಒಂದು ಮಾತು ತಿಂಗಳ ಚೇತರಿಕೆಯನ್ನು ಹಿಂದಕ್ಕೆಳೆಯಬಲ್ಲುದು. ಗಂಡಿನ ಕಡೆಯವರು ಬರುತ್ತಾರೆಂದು ಊಟ ಕಡಿಮೆ ಮಾಡಿಸಬೇಡಿರಿ. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಆದರೆ ಅವಳ ತಟ್ಟೆಯನ್ನು ಎಣಿಸುತ್ತ ಕೂರಬೇಡಿರಿ, ಬೇರೆ ಮಾತಾಡಿರಿ. ಪಂಕ್ತಿಯಲ್ಲಿ ಬಡಿಸುವ ನಮ್ಮ ಸ್ವಯಂಸೇವಕರೂ ಯಾರಾದರೂ ಸಾಕೆಂದು ಕೈ ಅಡ್ಡ ಹಿಡಿದರೆ ಒತ್ತಾಯಿಸದಿರಲಿ, ಎರಡನೆಯ ಸಲ ಕೇಳಿದರೆ ನಗದಿರಲಿ.

ಕೊನೆಯದಾಗಿ, ಇದು ಮನೆಮಂದಿಯ ಪ್ರೀತಿಯೊಂದರಿಂದಲೇ ವಾಸಿಯಾಗುವ ಕಾಯಿಲೆಯಲ್ಲ. ಮನೆಯ ವೈದ್ಯರು, ಮನೋವೈದ್ಯರು, ಆಹಾರತಜ್ಞರು ಕೂಡಿ ನೋಡಬೇಕು. ಎಲ್ಲಿಂದ ಆರಂಭಿಸುವುದೆಂದು ತಿಳಿಯದಿದ್ದರೆ, ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಮೂರ್ಛೆ, ಎದೆಬಡಿತದ ಏರುಪೇರು, ರಕ್ತವಾಂತಿ, ಬದುಕು ಬೇಡವೆಂಬ ಮಾತು ಇವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಸಭೆಯಲ್ಲಿ ಇಂತಹ ಸಂಕಟವನ್ನು ಒಳಗೇ ಇಟ್ಟುಕೊಂಡು ಕುಳಿತಿರುವ ಮಗಳೋ ಮಗನೋ ಇದ್ದರೆ ಅವರಿಗೆ ಹೇಳುತ್ತೇನೆ: ಹಸಿವಾಗುವುದು ಸೋಲಲ್ಲ, ಪಾಪವೂ ಅಲ್ಲ. ಅದು ನಿಮ್ಮ ದೇಹ ಚೇತರಿಸಿಕೊಳ್ಳುತ್ತಿರುವುದರ ಗುರುತು. ಇಂದಿನ ಪ್ರಸಾದಕ್ಕೆ ನಮ್ಮೊಡನೆ ಕುಳಿತುಕೊಳ್ಳಿರಿ; ನಿಮಗೆ ಸಾಧ್ಯವಾದಷ್ಟು ಸ್ವೀಕರಿಸಿರಿ. ನಿಮ್ಮ ದೀರ್ಘ ಉಪವಾಸಕ್ಕೆ ಪಾರಣೆಯ ಕಾಲ ಬಂದಿದೆ.



ಶ್ರೀಕೃಷ್ಣಾರ್ಪಣಮಸ್ತು